ಹೆಸರಿಗೆ ಮೊದಲು ಮೂರು ಪ್ರಶ್ನೆ

ನಮ್ಮ ಹಿರಿಯ ನರ್ಸು ನಿವೃತ್ತರಾದ ದಿನ ವಾರ್ಡಿನವರೆಲ್ಲ ಸೇರಿ ಭಾಷಣಕ್ಕೆ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಮೈಸೂರಿನವನು, ಮಾತು ಬರುತ್ತದೆ ಎಂಬ ನಂಬಿಕೆ. ನಾನು ಎದ್ದು ನಿಂತು ಕರ್ತವ್ಯನಿಷ್ಠೆ, ಸೇವಾ ಮನೋಭಾವ, ಆದರ್ಶ ಎಂಬ ಮೂರು ಪದಗಳನ್ನು ಹಿಂದೆ ಮುಂದೆ ಮಾಡಿ ಐದು ನಿಮಿಷ ತಳ್ಳಿ ಕೂತೆ. ಶಾಲು ಹೊದ್ದು, ಚೆಂಡುಹೂವಿನ ಹಾರ ಹಾಕಿಕೊಂಡು ಕುರ್ಚಿಯಲ್ಲಿದ್ದವರು ಪಕ್ಕದ ಆಯಾಳ ಕಡೆ ಬಾಗಿ, ಎಲ್ಲರಿಗೂ ಕೇಳುವ ಹಾಗೆ, "ಇವ ಯಾರ್ ಬಗ್ಗೆ ಮಾತಾಡ್ತಾವ್ನೆ?" ಎಂದರು. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಒಳಗೆ ಚುರುಕ್ಕೆಂದಿತು. ಅಂದು ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಬರೆದರೆ ಚಾಮರಾಜನಗರದಿಂದ ಬಸ್ಸು ಹತ್ತಿ ಬಂದು ಬೈಯುತ್ತಾರೆ. ಎಂಬತ್ತು ದಾಟಿದ್ದರೂ ಬೈಯುವ ಶಕ್ತಿಗೆ ಏನೂ ಕಡಮೆಯಾಗಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಗುಂಡ್ಲುಪೇಟೆಯಲ್ಲಿ ಒಂದು ಟ್ರಸ್ಟಿನವರು ಸಣ್ಣದೊಂದು ಮಕ್ಕಳ ಆಸ್ಪತ್ರೆ ನಡೆಸುತ್ತಿದ್ದರು. ಇಪ್ಪತ್ತು ಮಂಚ, ಇಬ್ಬರು ಡಾಕ್ಟರು, ಆರು ಜನ ನರ್ಸು, ಆ ಆರು ಜನರ ಮೇಲೆ ಇವರು. ಊರವರಿಗೆ ಇವರು ದೊಡ್ಡ ಸಿಸ್ಟರು. ಎತ್ತರ ಐದಡಿಯೂ ಇರಲಿಲ್ಲ, ಡ್ರಿಪ್ಪಿನ ಬಾಟಲು ತೂಗುಹಾಕಲು ಸ್ಟೂಲು ಬೇಕಾಗುತ್ತಿತ್ತು. ಹುಟ್ಟಿದ್ದು ಉಡಿಗಾಲದಲ್ಲಿ, ಸೇರಿದ್ದು ಚಾಮರಾಜನಗರದ ಮನೆಗೆ. ಗಂಡನಿಗೆ ವಿದ್ಯುತ್ ಕಚೇರಿಯಲ್ಲಿ ನೌಕರಿ. ದಿನವೂ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಬಸ್ಸಿನಲ್ಲೇ ಅರ್ಧ ಡ್ಯೂಟಿ ಮುಗಿಯುತ್ತಿತ್ತು: ಯಾರ ಮನೆಯಲ್ಲಿ ಬಾಣಂತಿ, ಯಾರ ಕೂಸಿಗೆ ಕೆಮ್ಮು, ಯಾರು ಔಷಧಿ ತೆಗೆದುಕೊಂಡು ಹೋಗಿ ಕುಡಿಸದೆ ಗೂಡಿನಲ್ಲಿಟ್ಟಿದ್ದಾರೆ, ಎಲ್ಲ ವರದಿ ಆಸ್ಪತ್ರೆಯ ಬಾಗಿಲಿಗೆ ಬರುವ ಮೊದಲೇ ಅವರ ಹತ್ತಿರ ಇರುತ್ತಿತ್ತು.

ನಾನು ಅಲ್ಲಿಗೆ ಸ್ಟಾಫ್ ನರ್ಸಾಗಿ ಸೇರಿದಾಗ ಇಪ್ಪತ್ಮೂರು ವರ್ಷ. ಗಂಡಸು ನರ್ಸಾಗಿರುವುದನ್ನು ಆ ಸೀಮೆಯವರು ಕಂಡಿರಲಿಲ್ಲ. ಹಾಗಾಗಿ ನನ್ನನ್ನು ಕಾಂಪೋಂಡ್ರು ಮಾಡಿಬಿಟ್ಟರು. ದೊಡ್ಡ ಸಿಸ್ಟರು ಮಾತ್ರ ಊರಿನ ಹೆಸರಿನಿಂದಲೇ ಕೂಗುತ್ತಿದ್ದರು. "ಏ ಮೈಸೂರು, ನಾಲ್ಕನೇ ಮಂಚದ ಕೂಸು ಅಳ್ತಾ ಅದೆ, ಕಿವಿ ಎಲ್ಲಿ ಮಡಗಿದ್ದೀಯೆ?" ಎಂಬುದು ನನ್ನ ಬೆಳಗಿನ ಸುಪ್ರಭಾತ.

ಆ ಇಪ್ಪತ್ತು ಮಂಚಗಳಲ್ಲಿ ಯಾರಿರಲಿಲ್ಲ! ಹಂಗಳದ ಕೂಲಿಯವರು, ಪುಣಜನೂರು ಕಡೆಯ ಕಾಡಂಚಿನ ಸೋಲಿಗರು, ಗಡಿಯಾಚೆಯಿಂದ ಬಂದ ತಮಿಳರು, ಶುಂಠಿ ಬೆಳೆಯಲು ಜಮೀನು ಗುತ್ತಿಗೆ ಹಿಡಿದ ಮಲಯಾಳಿಗಳು, ಪೇಟೆಯ ಮುಸ್ಲಿಂ ಮನೆಯವರು, ಮೇಷ್ಟರು, ಗುಮಾಸ್ತರು. ದೊಡ್ಡ ಸಿಸ್ಟರಿಗೆ ಐದು ಭಾಷೆ ಬರುತ್ತಿತ್ತು, ಐದೂ ತಪ್ಪು ತಪ್ಪು. ಒಮ್ಮೆ ಒಬ್ಬ ಮಲಯಾಳಿ ತಾಯಿಯನ್ನು, ಮಗು ವಾಂತಿ ಮಾಡಿತೇ ಎಂದು ಕೇಳಲು ಹೋಗಿ ಇನ್ನೇನೋ ಕೇಳಿದರು. ಆಕೆ ಅಳು ಮರೆತು ಬಾಯಿಗೆ ಸೆರಗು ಹಿಡಿದು ನಕ್ಕಳು. ಏನು ಕೇಳಿದರೋ ಇವತ್ತಿಗೂ ಗೊತ್ತಿಲ್ಲ. ಸರಿಯಾಗಿ ಕಲಿಯಬಾರದೇ ಎಂದು ನಾನು ಕೇಳಿದರೆ, "ಯಾಕಪ್ಪ? ತಪ್ಪಾಡುದ್ರೆ ನಗ್ತಾರೆ. ನಕ್ಕೋರು ಸೂಜಿಗೆ ಎದ್ರಕಿಲ್ಲ" ಎಂದರು.

ದಾಖಲಾತಿ ಮಾಡುವಾಗ ಹೆಸರು, ವಯಸ್ಸು, ಊರು ಬರೆದುಕೊಳ್ಳುವುದು ಎಲ್ಲ ಆಸ್ಪತ್ರೆಯ ಪದ್ಧತಿ. ಇವರು ಪೆನ್ನು ಮುಚ್ಚಿಟ್ಟು ಮೊದಲು ಮೂರು ಪ್ರಶ್ನೆ ಕೇಳುತ್ತಿದ್ದರು. "ಮನೇಲಿ ಕೂಸ್ನ ಏನಂತ ಕೂಗ್ತೀರಿ? ಯಾರ್ ಕೈಲಿ ಉಣ್ತದೆ? ಮೈಮೇಲಿಂದ ಏನ ತಗೀಬಾರ್ದು?" ಆಮೇಲೆ ಹೆಸರು. ಜ್ವರದಲ್ಲಿ ಕಣ್ಣು ಮುಚ್ಚಿದ ಮಗು ರಿಜಿಸ್ಟರಿನ ಹೆಸರಿಗೆ ತಿರುಗುವುದಿಲ್ಲ, ಗುಂಡ ಎಂದರೆ ಕಣ್ಣು ಬಿಡುತ್ತದೆ. ತಾತನ ಕೈಯಲ್ಲಿ ಮಾತ್ರ ಉಣ್ಣುವ ಹುಡುಗಿಯ ಪಕ್ಕ ತಾತನೇ ಇರಬೇಕು, ವಾರ್ಡಿನಲ್ಲಿ ತಾಯಂದಿರೇ ತುಂಬಿದ್ದರೂ ಸರಿಯೇ. ಕೊರಳಿನ ತಾಯಿತ, ಸೊಂಟದ ಉಡುದಾರ ಇದ್ದರೆ ಕತ್ತರಿಸುವ ಹಾಗಿಲ್ಲ, ಅದರ ಮೇಲೇ ಪ್ಲಾಸ್ಟರು ಹಾಕಬೇಕು. ಮೊದಮೊದಲು ನನಗಿದು ಹುಚ್ಚಾಟವೆನಿಸಿತ್ತು. ಓದಿ ಬಂದವನಿಗೆ ಎಲ್ಲವೂ ಹಾಗೆಯೇ ಅನಿಸುತ್ತದೆ.

ಬ್ರೆಡ್ಡಿನ ಕಥೆಯನ್ನು ಹೇಳಲೇಬೇಕು. ದಾನಿಗಳ ಕೃಪೆಯಿಂದ ಬೆಳಗ್ಗೆ ಎಲ್ಲ ಮಕ್ಕಳಿಗೂ ಹಾಲು, ಬ್ರೆಡ್ಡು ಕೊಡುತ್ತಿದ್ದೆವು. ಒಂದು ದಿನ ಒಬ್ಬ ಅಜ್ಜಿ ಬ್ರೆಡ್ಡು ಕಂಡದ್ದೇ ಗೋಳೋ ಎಂದು ಅಳಲು ಶುರುಮಾಡಿದಳು. "ಬ್ರೆಡ್ ಕೊಟ್ಬುಟ್ರು ಕಣವ್ವ, ಇನ್ನ ನನ್ ಮೊಮ್ಮಗ ಉಳಿಯಕಿಲ್ಲ!" ಅವರೂರಿನಲ್ಲಿ ಬ್ರೆಡ್ಡು ಬರುವುದು ಕಾಯಿಲೆ ಕೈಮೀರಿದವರ ಮನೆಗೆ ಮಾತ್ರವಂತೆ. ಆ ಹುಡುಗನಿಗೆ ಬರೀ ಕಿವಿನೋವು. ದೊಡ್ಡ ಸಿಸ್ಟರು ನಗುತ್ತಾ ಬಂದು, ಅಜ್ಜಿಯನ್ನೇ ಅಡುಗೆಮನೆಗೆ ಕರೆದುಕೊಂಡು ಹೋಗಿ ರಾಗಿ ಗಂಜಿ ಕಾಯಿಸಿದರು. ಮರುದಿನದಿಂದ ಗಂಜಿಯೇ ಕಾಯಂ ಆಯಿತು. ಬ್ರೆಡ್ಡನ್ನು ನಾವು ತಿಂದೆವು.

ಸೋಲಿಗರ ತಾಯಿಯೊಬ್ಬಳು ಮಂಚ ಹತ್ತಲು ಒಪ್ಪದೆ ಕೂಸಿನೊಡನೆ ಮಂಚದ ಕೆಳಗೆ ಮಲಗಿದಳು. ಆಯಾ ಗದರಿ ಗದರಿ ಸೋತಳು. ಇವರು ಬಂದು ಹಾಸಿಗೆಯನ್ನು ಎಳೆದು ನೆಲಕ್ಕೆ ಹಾಕಿದರು. "ಡ್ರಿಪ್ಗೆ ಎತ್ರ ಬೇಕು, ಮನುಸ್ರಿಗೆ ಯಾಕೆ?" ಎಂದು ಬಾಟಲನ್ನು ಕಿಟಕಿಯ ಸರಳಿಗೆ ಕಟ್ಟಿದರು. ಸ್ಟೂಲು ಹತ್ತಿಯೇ ಕಟ್ಟಿದರೆನ್ನಿ.

ಇಷ್ಟು ಕೇಳಿ, ಬಂದವರು ಹೇಳಿದ್ದಕ್ಕೆಲ್ಲ ಹೂಂಗುಟ್ಟುವ ಹೆಂಗಸೆಂದು ತಿಳಿಯಬೇಡಿ. ಒಬ್ಬ ಮೇಷ್ಟರು ತಮ್ಮ ಮಗನನ್ನು ಸೇರಿಸಿ, ಪಕ್ಕದ ಮಂಚದ ಮಗು ಯಾವ ಕೇರಿಯದೆಂದು ವಿಚಾರಿಸಿ ತಿಳಿದುಕೊಂಡು, ಮೆಲ್ಲಗೆ ಇವರ ಹತ್ತಿರ ಬಂದರು. "ಸಿಸ್ಟರ್, ನಮ್ಮಲ್ಲಿ ಸ್ವಲ್ಪ ಮಡಿ. ಮಂಚ ಬದಲಾಯಿಸಿ." ಇವರು ಅಷ್ಟೇ ಮೆಲ್ಲಗೆ, "ಆಗ್ಲಿ ಸಾರ್. ಇರೋದು ಒಂದೇ ಜಾಗ, ಕಕ್ಕಸಿನ ಬಾಗ್ಲಲ್ಲಿ. ಈಗ್ಲೇ ಹಾಕುಸ್ಲಾ?" ಎಂದರು. ಮೇಷ್ಟರು ಇದ್ದಲ್ಲೇ ಉಳಿದರು. ಅವರು ಅತ್ತ ಹೋದಮೇಲೆ ಇವರ ಮುಖ ಕೆಂಪಾಗಿತ್ತು. "ದೇವ್ರಿಗೆ ಹೊತ್ಕಂಡಿರೋ ಹರಕೆಗೆ ಎಷ್ಟೊತ್ತಾದ್ರೂ ಕಾಯ್ತೀನಿ. ಜಾತಿಗೆ ಒಂದ್ಗಳಿಗೆನೂ ಕಾಯಕಿಲ್ಲ" ಎಂದು ನನಗೆ ಹೇಳಿದರು. ಆ ಮಾತನ್ನು ನಾನು ಭಾಷಣದಲ್ಲಿ ಹೇಳಬೇಕಿತ್ತು.

ಹರಕೆಗೆ ಕಾಯುತ್ತೇನೆ ಎಂದದ್ದು ಬರೀ ಮಾತಲ್ಲ. ಅದಕ್ಕೆ ಸಾಕ್ಷಿ ನಾನು, ಕಾರಣವೂ ನಾನೇ.

ಹಂಗಳದಿಂದ ಒಂದು ಕೂಸು ಬಂತು. ಆರು ತಿಂಗಳ ಗಂಡುಕೂಸು, ಎರಡು ದಿನದಿಂದ ವಾಂತಿ ಭೇದಿ. ಜೊತೆಯಲ್ಲಿ ಬಾಣಂತನಕ್ಕೆಂದು ಬಂದು ತವರಿನಲ್ಲೇ ಇದ್ದ ತಾಯಿ, ಮತ್ತು ಆಕೆಯ ತಾಯಿ, ಅಂದರೆ ಕೂಸಿನ ಅಜ್ಜಿ. ಅಜ್ಜಿ ಹೊಲಗಳಲ್ಲಿ ಕಳೆ ತೆಗೆಯುವ ಹೆಂಗಸು, ಮಾತು ಕಡಮೆ. ಒಂಬತ್ತನೇ ಮಂಚ ಕೊಟ್ಟೆವು, ಆ ಮೂರು ಪ್ರಶ್ನೆ ಕೇಳುವ ಗೋಜಿಗೆ ನಾನು ಹೋಗಲಿಲ್ಲ. ಕೂಸಿನ ಕಣ್ಣು ಗುಳಿಬಿದ್ದಿತ್ತು, ಚರ್ಮ ಹಿಡಿದು ಬಿಟ್ಟರೆ ಹಾಗೆಯೇ ನಿಲ್ಲುತ್ತಿತ್ತು. ಡ್ರಿಪ್ಪು ಹಾಕಬೇಕು, ಕೈಯಲ್ಲಿ ಕಾಲಲ್ಲಿ ನರ ಸಿಗುತ್ತಿಲ್ಲ. ಅಂಥ ಹೊತ್ತಿನಲ್ಲಿ ಎಳೆಮಕ್ಕಳಿಗೆ ತಲೆಯ ಪಕ್ಕದ ನರವೇ ಗತಿ, ಅದಕ್ಕೆ ಆ ಜಾಗದ ಕೂದಲು ಬೋಳಿಸಬೇಕು. ದೊಡ್ಡ ಸಿಸ್ಟರ ಬಸ್ಸು ಅಂದು ದಾರಿಯಲ್ಲಿ ಕೆಟ್ಟು ನಿಂತಿತ್ತು. ದೊಡ್ಡ ಡಾಕ್ಟರು ಇನ್ನೂ ಬಂದಿರಲಿಲ್ಲ, ಚಿಕ್ಕವರು ಹೊರಗಿನ ರೋಗಿಗಳ ಸಾಲಿನಲ್ಲಿ ಮುಳುಗಿದ್ದವರು ಹಾಕು ಎಂದರು. ಅಜ್ಜಿ ಬಿಸಿನೀರು ತರಲು ಹೊರಗೆ ಹೋಗಿದ್ದಳು. ನಾನು ಬ್ಲೇಡು ಎತ್ತಿಕೊಂಡೆ.

"ಬ್ಯಾಡ ಕಣಣ್ಣ, ನಮ್ಮವ್ವ ಬರ್ಲಿ" ಎಂದಳು ಆ ಎಳೆಯ ತಾಯಿ.

"ನಿಮ್ಮವ್ವ ಬರೋವರೆಗೂ ಕಾಯಿಲೆ ಕಾಯುತ್ತಾ?" ಎಂದು ನಾನು ಬೋಳಿಸಿ, ಡ್ರಿಪ್ಪು ಹಾಕಿ, ಕೂದಲನ್ನು ಹತ್ತಿಯ ಜೊತೆ ಬಕೆಟ್ಟಿಗೆ ಎಸೆದೆ.

ಅಜ್ಜಿ ಬಂದು ನೋಡಿದಳು. ಕೂಗಲಿಲ್ಲ. ಹಾಗೇ ನೆಲಕ್ಕೆ ಕುಸಿದು, "ಮುಡಿ ಓಯ್ತು. ಮಾದಪ್ಪನ ಮುಡಿ ಓಯ್ತು" ಎಂದಳು. ಆಮೇಲೆ ಮಗಳು ಅಳುತ್ತಾ ಬಿಡಿಸಿ ಹೇಳಿದಳು. ಇದಕ್ಕೆ ಮೊದಲು ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಇದು ಉಳಿದರೆ ಹುಟ್ಟುಗೂದಲನ್ನು ಮಾದಪ್ಪನ ಬೆಟ್ಟದಲ್ಲಿ ಕೊಡುತ್ತೇವೆ, ಮೊದಲ ಎಳೆಯನ್ನು ಸೋದರಮಾವ ತನ್ನ ಕೈಯಾರೆ ತೆಗೆಯುತ್ತಾನೆ ಎಂದು ಹರಕೆ. ಅದು ಬ್ಲೇಡಿನಿಂದ ಯಾರೋ ಕಾಂಪೋಂಡ್ರ ಕೈಯಲ್ಲಿ ಹೋಗಿ, ಹತ್ತಿಯ ಜೊತೆ ಬಿದ್ದಿದೆ. ದೇವರು ಇನ್ನು ಕೂಸನ್ನು ಬಿಡುವುದಿಲ್ಲ, ಈಗಲೇ ಬೆಟ್ಟಕ್ಕೆ ಹೋಗಿ ತಪ್ಪುಕಾಣಿಕೆ ಹಾಕಬೇಕು, ಡ್ರಿಪ್ಪು ತೆಗೆಯಿರಿ ಎಂದು ಅಜ್ಜಿ ಎದ್ದು ನಿಂತಳು.

ಮುಡಿ ಹರಕೆ ನನಗೆ ತಿಳಿಯದ್ದೇನೂ ಅಲ್ಲ. ನನ್ನ ತಲೆಯೂ ನಂಜನಗೂಡಿನಲ್ಲಿ ಬೋಳಾದದ್ದೇ. ಆದರೆ ಯೂನಿಫಾರಂ ಹಾಕಿದ ಮೇಲೆ ಅದನ್ನೆಲ್ಲ ಮರೆಯುವುದೇ ವಿದ್ಯೆ ಎಂದುಕೊಂಡಿದ್ದೆ. ನನಗೂ ಸಿಟ್ಟು ಬಂತು. ಪ್ರಾಣ ಉಳಿಸಲು ಹೋದವನ ಮೇಲೇ ಅಜ್ಜಿ ತಪ್ಪು ಹೊರಿಸುತ್ತಾಳಲ್ಲ! ಚಿಕ್ಕ ಡಾಕ್ಟರು ಎರಡು ಸಲ ಹೇಳಿ ನೋಡಿದರು, ಅಜ್ಜಿ ಕೇಳಲಿಲ್ಲ. 'ನಮ್ಮ ಸ್ವಂತ ಇಚ್ಛೆಯಿಂದ ಕರೆದೊಯ್ಯುತ್ತಿದ್ದೇವೆ' ಎಂಬ ಕಾಗದಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು, ಡ್ರಿಪ್ಪು ತೆಗೆದು ಕಳಿಸಿಬಿಟ್ಟೆ.

ಕಾಲು ಗಂಟೆಯಲ್ಲಿ ದೊಡ್ಡ ಸಿಸ್ಟರು ಬಂದರು. ಬಂದವರೇ, "ಒಂಬತ್ರಲ್ಲಿ ಯಾವುದೋ ಕೂಸು ಬಂದದೆ ಅಂದ್ರು, ಎಲ್ಲಿ?" ನಾನು ನಡೆದದ್ದನ್ನು ಹೇಳಿ ಕಾಗದ ತೋರಿಸಿದೆ. ನಿಜ ಹೇಳಬೇಕೆಂದರೆ ಸ್ವಲ್ಪ ಜಂಬದಿಂದಲೇ ತೋರಿಸಿದೆ. ಅವರು ಓದಿದರು. ನನ್ನ ಮುಖ ನೋಡಲಿಲ್ಲ. ಬಕೆಟ್ಟಿನ ಹತ್ತಿರ ಕೂತು, ಕೈ ಹಾಕಿ, ಹತ್ತಿಯ ನಡುವಿನಿಂದ ಆ ಎಳೆಗೂದಲನ್ನು ಆಯತೊಡಗಿದರು. ಒಂದೊಂದೇ ಎಳೆ. ಆಯ್ದದ್ದನ್ನು ಹೊಸ ಬಟ್ಟೆಯ ತುಂಡಿನಲ್ಲಿ ಕಟ್ಟಿ, ಅರಿಶಿನ ಹಚ್ಚಿ, "ಉಪ್ಪು ಸಕ್ರೆ ನೀರು, ಚಮಚ ತಗೊ. ಬಾ ನನ್ ಜೊತೆ" ಎಂದರು.

ಬಸ್‌ಸ್ಟ್ಯಾಂಡಿನಲ್ಲಿ ಚಾಮರಾಜನಗರದ ಬಸ್ಸು ಹೊರಡಲು ಗುರ್ ಎನ್ನುತ್ತಿತ್ತು. ಅಲ್ಲಿಗೆ ಹೋಗಿ, ಕೊಳ್ಳೇಗಾಲಕ್ಕೆ ಹೋಗಿ, ಮತ್ತೆ ಬೆಟ್ಟದ ಬಸ್ಸು ಹಿಡಿಯಬೇಕು. ಇಡೀ ದಿನದ ದಾರಿ. ಆ ಕೂಸಿಗೆ ಅಷ್ಟು ಹೊತ್ತು ಇರಲಿಲ್ಲ. ಅದು ನನಗೆ ಗೊತ್ತಿತ್ತು, ಹೆಬ್ಬೆಟ್ಟು ಒತ್ತಿಸುವಾಗಲೂ ಗೊತ್ತಿತ್ತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಕಂಡಕ್ಟರು ದಿನದ ಪರಿಚಯದವನು. "ಐದು ನಿಮ್ಸ ಕಣಪ್ಪ, ಸೀಟಿ ಊದ್ಬೇಡ" ಎಂದು ಅವರು ಒಳಗೆ ಹತ್ತಿದರು. ನನ್ನನ್ನು ಕೆಳಗೇ ನಿಲ್ಲಿಸಿದರು. ಎಂಜಿನ್ನಿನ ಸದ್ದಿನಲ್ಲಿ ಒಳಗಿನ ಮಾತು ಒಂದೂ ಕೇಳಿಸಲಿಲ್ಲ. ಕಿಟಕಿಯಲ್ಲಿ ಕಂಡದ್ದಿಷ್ಟು: ದೊಡ್ಡ ಸಿಸ್ಟರು ಅಜ್ಜಿಯ ಎರಡೂ ಕಾಲು ಮುಟ್ಟಿದರು. ಬಟ್ಟೆಯ ಗಂಟನ್ನು ಅವಳ ಕೈಗಿಟ್ಟರು. ಒಂದು ಸಲ ನನ್ನ ಕಡೆ ಬೆರಳು ತೋರಿಸಿದರು. ಅಜ್ಜಿ ಕಿಟಕಿಯಿಂದ ನನ್ನನ್ನು ಬಹಳ ಹೊತ್ತು ನೋಡಿದಳು. ನಾನು ತಲೆ ತಗ್ಗಿಸಿದೆ. ಆಮೇಲೆ ಮೂವರೂ ಕೂಸಿನೊಡನೆ ಇಳಿದರು.

ಅಜ್ಜಿಯ ಷರತ್ತು ಒಂದೇ. ಅವಳ ಮಗ, ಕೂಸಿನ ಸೋದರಮಾವ, ಈರುಳ್ಳಿ ಮಂಡಿಯಲ್ಲಿ ಮೂಟೆ ಹೊರುತ್ತಾನೆ. ಅವನು ಬರಬೇಕು. ಅವನು ಒಂದೆಳೆ ತೆಗೆದ ಮೇಲೆಯೇ ಮತ್ತೆ ತಲೆ ಮುಟ್ಟಬೇಕು. ದೊಡ್ಡ ಸಿಸ್ಟರು ಆಗಲಿ ಎಂದರು. ನಾನು ಯಾರದೋ ಸೈಕಲ್ಲು ಇಸಿದುಕೊಂಡು ಮಂಡಿಗೆ ಓಡಿದೆ. ಅವನು ಲಾರಿಯ ಜೊತೆ ಬೇಗೂರಿನ ಕಡೆ ಹೋಗಿದ್ದಾನೆ ಎಂದರು. ಹುಡುಕಿ ಕರೆತರುವ ಹೊತ್ತಿಗೆ ಒಂದೂವರೆ ಗಂಟೆ ಕಳೆದಿತ್ತು. ಅಷ್ಟು ಹೊತ್ತೂ ಅವರು ವಾರ್ಡಿನ ನೆಲದಲ್ಲಿ ಅಜ್ಜಿಯ ಪಕ್ಕ ಕೂತು, ಅಜ್ಜಿಯ ಕೈಯಿಂದಲೇ ಚಮಚದಲ್ಲಿ ನೀರು ಕುಡಿಸಿದ್ದರು. ನಿಮಿಷಕ್ಕೊಂದು ಚಮಚ. ವಾಂತಿಯಾದರೆ ಸ್ವಲ್ಪ ತಡೆದು ಮತ್ತೆ ಒಂದು ಚಮಚ.

ದೊಡ್ಡ ಡಾಕ್ಟರು ಬಂದು ಕಿಡಿಕಿಡಿಯಾಗಿದ್ದರು. "ಇದು ಆಸ್ಪತ್ರೆಯೋ ದೇವಸ್ಥಾನವೋ? ಮಗುವಿಗೆ ಏನಾದರೂ ಆದರೆ ಜವಾಬ್ದಾರಿ ಯಾರು?"

"ನಾನು ಸಾರ್" ಎಂದರು ಇವರು. "ಬಲವಂತ ಮಾಡುದ್ರೆ ಮತ್ತೆ ಬಸ್ ಹತ್ತುತಾರೆ. ಹತ್ತುದ್ರೆ ನಿಮ್ ಡ್ರಿಪ್ ಯಾರಿಗೆ ಹಾಕ್ತೀರಿ?"

ಡಾಕ್ಟರು ಕೂಸಿನ ನಾಡಿ ನೋಡಿ ತಮ್ಮ ಕೋಣೆಗೆ ಹೋದರು. ಆದರೆ ಜವಾಬ್ದಾರಿಯ ಮಾತನ್ನು ಅವರು ಬರೀ ಮಾತಿಗೆ ಹೇಳಿರಲಿಲ್ಲ. ಕೂಸು ಹೋಗಿದ್ದರೆ ಇವರ ನೌಕರಿ ಹೋಗುತ್ತಿತ್ತು, ನನ್ನದಲ್ಲ.

ಸೋದರಮಾವ ಬೆವರಿನಲ್ಲೇ ಬಂದು, ಕೈ ತೊಳೆದು, ಒಂದೆಳೆ ಕತ್ತರಿಸಿ ಗಂಟಿಗೆ ಸೇರಿಸಿದ. "ಮಿಕ್ಕಿದ್ದು ನಿನ್ ಬೆಟ್ಟದಲ್ಲೇ ಕಣ ಮಾದಪ್ಪ, ಕಾಪಾಡು" ಎಂದಳು ಅಜ್ಜಿ. ದೊಡ್ಡ ಸಿಸ್ಟರು ಒಂದೇ ಚುಚ್ಚಿಗೆ ನರ ಹಿಡಿದರು. ಆಮೇಲೆ ಕಾಯುವುದು. ಇಂಥ ಕೂಸುಗಳಲ್ಲಿ ಕಾಯುವುದು ಒಂದಕ್ಕೇ: ಮೂತ್ರ. ಅದು ಬಂದರೆ ಬದುಕಿತೆಂದು ಲೆಕ್ಕ. ಮಧ್ಯಾಹ್ನ ಮೂರಾಯಿತು, ನಾಲ್ಕಾಯಿತು, ಬಟ್ಟೆ ಒಣಗಿದ ಹಾಗೇ ಇದೆ. ಹತ್ತು ನಿಮಿಷಕ್ಕೊಮ್ಮೆ ಬಟ್ಟೆ ಮುಟ್ಟಿ ನೋಡುತ್ತಿದ್ದ ದೊಡ್ಡ ಸಿಸ್ಟರು ಐದು ನಿಮಿಷಕ್ಕೊಮ್ಮೆ ಮುಟ್ಟತೊಡಗಿದರು. ನಾಲ್ಕೂವರೆಗೆ ಆ ಎಳೆಯ ತಾಯಿ, "ಅಕ್ಕಯ್ಯ, ಉಚ್ಚೆ!" ಎಂದು ಕಿರುಚಿದಳು. ವಾರ್ಡಿಗೆ ವಾರ್ಡೇ ಎದ್ದು ನಿಂತಿತು. ಮಲಯಾಳಿಗಳು, ತಮಿಳರು, ಯಾರಿಗೂ ಆ ಪದದ ಅರ್ಥ ಹೇಳಬೇಕಾಗಲಿಲ್ಲ. ಅಜ್ಜಿ ನಕ್ಕಳು. ದೊಡ್ಡ ಸಿಸ್ಟರು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಕಣ್ಣು ಕೆಂಪಾಗಿತ್ತು. ಸಂಜೆಯ ಬಸ್ಸು ತಪ್ಪಿಹೋಗುತ್ತದೆಂದು ನನಗೇ ಬೈದರು.

ಆ ವಾರದಿಂದ ಮೂರು ಪ್ರಶ್ನೆ ನಾಲ್ಕಾಯಿತು. "ಮುಡಿ ಹೊತ್ತಿದ್ದೀರಾ?" ಕೇಳದೆ ಯಾರೂ ಬ್ಲೇಡು ಮುಟ್ಟುವಂತಿರಲಿಲ್ಲ. ತಡ ಮಾಡುವ ಹಾಗಿಲ್ಲದಿದ್ದರೆ ವಿಷಯ ಹೇಳಿ, ಒಂದೆಳೆಯನ್ನು ಮನೆಯವರ ಕೈಯಲ್ಲೇ ತೆಗೆಸಿ, ಕೂದಲನ್ನು ಬಟ್ಟೆಯಲ್ಲಿ ಕಟ್ಟಿ ಕೊಡುವುದು ವಾರ್ಡಿನ ಪದ್ಧತಿಯಾಯಿತು. ಒಬ್ಬರೂ ಬೇಡವೆನ್ನಲಿಲ್ಲ. ಕೆಲವು ತಿಂಗಳ ಮೇಲೆ ದೊಡ್ಡ ಡಾಕ್ಟರೇ ಒಬ್ಬ ತಾಯಿಯನ್ನು ಆ ಪ್ರಶ್ನೆ ಕೇಳಿದ್ದನ್ನು ನಾನು ಕೇಳಿಸಿಕೊಂಡೆ. ಇವರೂ ಕೇಳಿಸಿಕೊಂಡರು, ಆದರೆ ಕೇಳಿಸದವರ ಹಾಗೆ ಥರ್ಮಾಮೀಟರು ಒದರಿದರು.

ಮರುವರ್ಷ ಹಂಗಳದವರು ಬಂದರು. ಅಜ್ಜಿ, ಮಗಳು, ಸೋದರಮಾವ, ಸೊಂಟದ ಮೇಲೆ ನುಣ್ಣನೆ ಬೋಳುತಲೆಗೆ ಗಂಧ ಬಳಿದುಕೊಂಡ ಗಂಡುಕೂಸು. ಬೆಟ್ಟದಿಂದ ನೇರ ಬಂದಿದ್ದರು, ಪ್ರಸಾದ ಕೊಡಲು. ದೊಡ್ಡ ಸಿಸ್ಟರು ಔಷಧಿ ಕೋಣೆಯಲ್ಲಿದ್ದಾರೆ ಎಂದೆ. ಅಜ್ಜಿ, "ಅವ್ವಾರ್ಗೂ ಕೊಡ್ತೀನಿ ತಡಿ. ಮೊದ್ಲು ನೀ ಕುಂತ್ಕೊ" ಎಂದಳು. ಕೂತೆ. ಕೂಸನ್ನು ತಂದು ನನ್ನ ತೊಡೆಯ ಮೇಲಿಟ್ಟಳು.

"ಮುಡಿ ತಗ್ಸಿದ್ ಮೇಲೆ ಕೂಸ್ನ ಮಾವನ್ ತೊಡೆ ಮ್ಯಾಲೆ ಕೂರುಸ್ಬೇಕು ಕಣಪ್ಪ" ಎಂದಳು.

ನಾನು ಪಕ್ಕದಲ್ಲಿದ್ದ ಸೋದರಮಾವನ ಕಡೆ ನೋಡಿದೆ. ಅವನು ಹಲ್ಲು ಬಿಟ್ಟು, "ನಂದು ಬೆಟ್ಟದಲ್ಲೇ ಆಯ್ತು, ಈಗ ನಿಮ್ದು" ಎಂದ.

ನನಗೆ ಅರ್ಥವಾಗಲಿಲ್ಲ. ಅಜ್ಜಿಯೇ ಹೇಳಿದಳು. "ಅವತ್ತು ಬಸ್ನಲ್ಲಿ ಅವ್ವಾರು ಏನಂದ್ರು ಗೊತ್ತಾ? 'ನಿನ್ ಮುಡಿನ ಬ್ಯಾರೆ ಯಾರೂ ಮುಟ್ಟಿಲ್ಲ ಕಣವ್ವ. ಅಗೋ ಕೆಳಗೆ ನಿಂತವ್ನಲ್ಲ, ಅವ ನನ್ ತಮ್ಮ. ನನ್ನ ನಿನ್ ಮಗಳು ಅಂತ ತಿಳ್ಕೊ. ಅವ್ನೂ ನಿನ್ ಕೂಸಿಗೆ ಸೋದರಮಾವನೇ' ಅಂದ್ರು. ಅದ್ಕೇ ನಾ ಇಳುದ್ದು."

ಕೂಸು ನನ್ನ ಯೂನಿಫಾರಮ್ಮಿನ ಗುಂಡಿ ಹಿಡಿದು ಎಳೆಯುತ್ತಿತ್ತು. ಒಂದು ವರ್ಷದಿಂದ ಈ ಮಾತನ್ನು ಅವರು ನನಗೆ ಹೇಳಿರಲಿಲ್ಲ, ದಿನವೂ ಬೈಯುತ್ತಲೇ ಇದ್ದರು. ಕೂಸನ್ನು ಎತ್ತಿಕೊಂಡೇ ಔಷಧಿ ಕೋಣೆಗೆ ಹೋಗಿ, ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಏನ್ ಹೇಳದು? ತಮ್ಮ ಅಂತ ಹೇಳ್ಕೊಳೋ ಹಂಗೆ ನಡ್ಕಂಡಿದ್ಯಾ ಅವತ್ತು?" ಎಂದರು. ಆಮೇಲೆ ಕೂಸಿನ ಬೋಳುತಲೆ ಸವರಿ, "ನಿಂತ್ಕೊಂಡು ನೋಡ್ತೀಯಲ್ಲ, ಮಾವ ಆದೋನು ಬರಿಗೈಲಿ ಕಳಿಸ್ತಾನಾ? ಓಗು, ಬಟ್ಟೆ ತತ್ತಾ" ಎಂದರು.

ನಾನು ಪೇಟೆಗೆ ಓಡಿದೆ. ಮಕ್ಕಳ ಅಂಗಿ ಕೊಂಡು ಅಭ್ಯಾಸವಿಲ್ಲ, ಅವಸರ ಬೇರೆ. ಕೆಂಪು ಅಂಗಿಯೊಂದನ್ನು ತಂದು ಕೂಸಿಗೆ ತೊಡಿಸಿದರೆ ತೋಳು ಕೈ ದಾಟಿ ಜೋತುಬಿತ್ತು, ತುದಿ ಪಾದಕ್ಕೆ ಬಂತು. ವಾರ್ಡೆಲ್ಲ ನಗುತ್ತಿದೆ. ದೊಡ್ಡ ಸಿಸ್ಟರು ಹಣೆ ಚಚ್ಚಿಕೊಂಡು, "ಎಷ್ಟ್ ದೊಡ್ದು ತಂದಿದ್ದೀಯೋ!" ಎಂದರು.

ಅಜ್ಜಿ ಅಂಗಿಯ ತೋಳನ್ನು ಮಡಿಸುತ್ತಾ ಕೂತಿದ್ದಳು. ಒಂದು ಮಡಿಕೆ, ಎರಡು ಮಡಿಕೆ, ಮೂರು.

"ಇರ್ಲಿ ಬುಡಿ" ಎಂದಳು. "ಬೆಳೀತಾನೆ."